ಮೊದಲ ಸಲ ಸಿಗಾರ್ ತಗೊಳ್ಳೋರಿಗೆ: ಮೈಲ್ಡ್ ಆಗಿರೋದನ್ನ ಕಡಿಮೆ ದುಡ್ಡಲ್ಲಿ ಆರಿಸೋದು ಹೇಗೆ

ಸಿಗಾರ್ ಅಂಗಡಿಗೆ ಮೊದಲ ಸಲ ಹೋದೋರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡ್ತಾರೆ, ಹೆಸರು ಕೇಳಿದೀವಲ್ಲ ಅಂತ ದುಬಾರಿ ಕ್ಯೂಬನ್ ಕೇಳ್ತಾರೆ, ಇಲ್ಲಾಂದ್ರೆ ಬಣ್ಣ ತಿಳಿಯಾಗಿರೋದು ಲೈಟ್ ಇರತ್ತೆ ಅಂತ ಅಂದಾಜಲ್ಲಿ ಒಂದು ಎತ್ಕೋತಾರೆ. ಎರಡರಲ್ಲೂ ಮೈಲ್ಡ್ ಸಿಗೋದು ಅದೃಷ್ಟದ ಮೇಲೆ. ಸಿಗಾರ್ ಎಷ್ಟು ಖಡಕ್ ಅನ್ನೋದನ್ನ ಮುಖ್ಯವಾಗಿ ತೀರ್ಮಾನ ಮಾಡೋದು ಒಳಗಡೆ ತುಂಬಿರೋ ಎಲೆ, ಆಮೇಲೆ ಸಿಗಾರ್‌ನ ಸೈಜು, ಆಮೇಲೆ ನೀವು ಎಷ್ಟು ಬೇಗ ಬೇಗ ಎಳೀತೀರಿ ಅನ್ನೋದು. ಇದಿಷ್ಟು ಗೊತ್ತಾದ್ರೆ ಅಂಗಡಿಯವರ ಹತ್ರ ಏನು ಕೇಳ್ಬೇಕು ಅಂತ ಗೊತ್ತಾಗತ್ತೆ, ದುಡ್ಡೂ ಉಳಿಯತ್ತೆ.

ಅದಕ್ಕೂ ಮುಂಚೆ ಒಂದು ವಿಷಯ ನೇರವಾಗಿ ಹೇಳ್ಬಿಡ್ತೀನಿ. ಮೈಲ್ಡ್ ಅಂದ್ರೆ ರುಚಿ ಸೌಮ್ಯ, ನಿಕೋಟಿನ್ ಹೊಡೆತ ಸ್ವಲ್ಪ ಕಡಿಮೆ ಅಂತ ಅಷ್ಟೇ, ಆರೋಗ್ಯಕ್ಕೆ ಸೇಫ್ ಅಂತ ಖಂಡಿತ ಅಲ್ಲ. ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ 1998ರಲ್ಲೇ ಸಿಗಾರ್ ಬಗ್ಗೆ ಅಂತಾನೇ ಒಂದು ದೊಡ್ಡ ವರದಿ ತಂದಿತ್ತು, ಹೊಗೆ ಒಳಗೆ ತಗೊಳ್ದೇ ಇದ್ರೂ ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರ್ ಅಪಾಯ ಇದ್ದೇ ಇರತ್ತೆ. ದೊಡ್ಡ ಸೈಜಿನ ಒಂದೇ ಸಿಗಾರ್‌ನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ಹಾಗಾಗಿ ಇದುವರೆಗೂ ತಂಬಾಕು ಮುಟ್ಟದೇ ಇರೋರು ಇದನ್ನ ಓದಿ ಶುರು ಮಾಡಿ ಅಂತ ನಾನು ಹೇಳ್ತಿಲ್ಲ, ಬಿಪಿ ಹಾರ್ಟ್ ತೊಂದರೆ ಇರೋರು, ಬಸುರಿಯರು ಪೂರ್ತಿ ದೂರ ಇರಿ, ಮನೇಲಿ ಮಕ್ಕಳ ಎದುರಿಗೆ ಬೇಡವೇ ಬೇಡ. ಅಮೆರಿಕದಲ್ಲಿ 2019ರ ಡಿಸೆಂಬರ್‌ನಿಂದ ಖರೀದಿಗೆ 21 ವರ್ಷ ಆಗಿರ್ಬೇಕು, ಕರ್ನಾಟಕದಲ್ಲೂ 2025ರಲ್ಲಿ ಬಂದ ತಿದ್ದುಪಡಿಯಿಂದ 21 ಆಗಿದೆ, ಸಾರ್ವಜನಿಕ ಜಾಗದಲ್ಲಿ ಸೇದಿದ್ರೆ ದಂಡಾನೂ 200ರಿಂದ 1000 ರೂಪಾಯಿಗೆ ಏರಿದೆ. ಮಗು ಹುಟ್ಟಿದಾಗ, ಗೆಳೆಯನ ಮದುವೆಯಲ್ಲಿ, ವರ್ಷಕ್ಕೆ ಒಂದೋ ಎರಡೋ ಸಲ ಸೇದೋ ವಯಸ್ಕರನ್ನ ಮನಸ್ಸಲ್ಲಿಟ್ಕೊಂಡು ಇದನ್ನ ಬರೀತಿದೀನಿ.

ಈಗ ಎಲೆ ವಿಷಯ. ಸಿಗಾರ್‌ನಲ್ಲಿ ಮೂರು ಪದರ ಇರತ್ತೆ, ಹೊರಗೆ ಕಾಣೋ ರ‍್ಯಾಪರ್, ಅದರ ಒಳಗೆ ಎಲ್ಲಾನೂ ಹಿಡಿದಿಡೋ ಬೈಂಡರ್, ಮಧ್ಯದಲ್ಲಿ ಫಿಲ್ಲರ್. ಫಿಲ್ಲರ್‌ಗೆ ಹಾಕೋ ಎಲೆ ಗಿಡದ ಯಾವ ಭಾಗದಿಂದ ಬಂತು ಅನ್ನೋದೇ ದೊಡ್ಡ ವಿಷಯ. ಕೆಳಗಿನ ಎಲೆಗೆ ವೊಲಾಡೊ ಅಂತಾರೆ, ತೆಳು, ಚೆನ್ನಾಗಿ ಉರಿಯತ್ತೆ, ರುಚಿ ಕಡಿಮೆ. ನಡುವಿನದು ಸೆಕೊ, ಘಮ ಬರೋದು ಹೆಚ್ಚಾಗಿ ಇದರಿಂದ. ಗಿಡದ ತುದಿಯದು ಲಿಗೇರೊ, ಬಿಸಿಲು ಜಾಸ್ತಿ ತಿಂದು ದಪ್ಪ ಆಗಿರತ್ತೆ, ಎಣ್ಣೆ ಅಂಶ ಜಾಸ್ತಿ, ನಿಧಾನಕ್ಕೆ ಉರಿಯತ್ತೆ, ತಲೆ ತಿರುಗಿಸೋ ಶಕ್ತಿ ಇರೋದು ಇದರಲ್ಲೇ. ಅದಕ್ಕೆ ಅಂಗಡೀಲಿ ಲಿಗೇರೊ ಕಡಿಮೆ ಇರೋ ಬ್ಲೆಂಡ್ (ಎಲೆ ಮಿಶ್ರಣ) ಕೊಡಿ ಅಂದ್ರೆ ಸಾಕು, ವಿಷಯ ಗೊತ್ತಿರೋ ಅಂಗಡಿಯವರು ಸರಿಯಾದ ಶೆಲ್ಫ್ ಹತ್ರ ಕರ್ಕೊಂಡು ಹೋಗ್ತಾರೆ.

ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ ಅನ್ನೋ ಒಣಗಿಸೋ ಮನೆ ಒಳಗೆ ಬಿಸಿ ಕೊಟ್ಟು ಹದ ಮಾಡ್ತಾರಲ್ಲ ಹೊಗೆಸೊಪ್ಪು, ಅದು ಸಿಗರೇಟಿಗೆ ಹೋಗೋದು, ನಿಪ್ಪಾಣಿ ಕಡೆದು ಬೀಡಿಗೆ. ಸಿಗಾರ್ ಎಲೆ ದಾರಿನೇ ಬೇರೆ, ಅದನ್ನ ನೆರಳಲ್ಲಿ ಗಾಳಿಗೆ ನೇತುಹಾಕಿ ವಾರಗಟ್ಟಲೆ ಒಣಗಿಸ್ತಾರೆ, ಆಮೇಲೆ ದೊಡ್ಡ ದೊಡ್ಡ ರಾಶಿ ಹಾಕಿ ಹುದುಗಿಸ್ತಾರೆ, ರಾಶಿ ಒಳಗೆ ತಾನಾಗೇ ಬಿಸಿ ಹುಟ್ಟಿ ಅಮೋನಿಯಾ ಹೊರಗೆ ಹೋಗತ್ತೆ, ಮಧ್ಯೆ ಮಧ್ಯೆ ರಾಶಿ ಬಿಚ್ಚಿ ಮೇಲಿಂದು ಕೆಳಗೆ ಮಾಡ್ತಿರ್ತಾರೆ. ಈ ಕೆಲಸ ಅರ್ಧಕ್ಕೆ ನಿಲ್ಲಿಸಿದ ಎಲೆ ಗಂಟಲಿಗೆ ಚುಚ್ಚತ್ತೆ, ಮೂಗಿಗೆ ಘಾಟು ಹೊಡೆಯತ್ತೆ. ತೀರಾ ಅಗ್ಗದ ಸಿಗಾರ್ ಸೇದಿ ಕೆಮ್ಮು ಬಂದಾಗ "ಇದು ಸ್ಟ್ರಾಂಗ್" ಅಂದ್ಕೋತಾರೆ, ಎಷ್ಟೋ ಸಲ ಅದು ಸ್ಟ್ರಾಂಗ್ ಅಲ್ಲ, ಹಸಿ ಎಲೆ ಅಷ್ಟೇ.

ರ‍್ಯಾಪರ್ ಬಣ್ಣ ನೋಡಿ ಮೋಸ ಹೋಗ್ಬೇಡಿ. ಮಡೂರೊ ಅಂತ ಕಡು ಕಂದು, ಹೆಚ್ಚುಕಡಿಮೆ ಕಪ್ಪಗಿರೋ ರ‍್ಯಾಪರ್ ಇದೆಯಲ್ಲ, ಅದು ಹೆಚ್ಚು ಹೊತ್ತು ಹುದುಗಿರೋದ್ರಿಂದ ಎಷ್ಟೋ ಸಲ ಸಿಹಿ, ಚಾಕೊಲೇಟ್ ತರದ ರುಚಿ ಕೊಡತ್ತೆ, ಒಳಗಿನ ಫಿಲ್ಲರ್ ಸೌಮ್ಯ ಇದ್ರೆ ಇಡೀ ಸಿಗಾರ್ ಸೌಮ್ಯವೇ. ಹಾಗೇ ತಿಳಿ ಬಣ್ಣದ ರ‍್ಯಾಪರ್ ಒಳಗೆ ಖಡಕ್ ನಿಕರಾಗುವಾ ಎಲೆ ತುಂಬಿರೋದೂ ಇದೆ. ಹಾಗಿದ್ರೂ ಹೊಸಬರಿಗೆ ಒಂದು ರ‍್ಯಾಪರ್ ಹೆಸರು ನೆನಪಿಟ್ಕೊಳ್ಳಿ ಅಂದ್ರೆ ನಾನು ಹೇಳೋದು ಕನೆಕ್ಟಿಕಟ್ ಶೇಡ್. ಅಮೆರಿಕದ ಕನೆಕ್ಟಿಕಟ್ ನದಿ ಕಣಿವೇಲಿ ಹೊಲದ ಮೇಲೆ ತೆಳು ಬಟ್ಟೆ ಚಪ್ಪರ ಹಾಕಿ ಬಿಸಿಲು ತಡೆದು ಬೆಳೆಸೋ ಎಲೆ ಇದು, ತೆಳು, ನಯ, ನಾರು ಕಡಿಮೆ, ರುಚಿ ಬೆಣ್ಣೆ ತರ. ಅದೇ ಬೀಜ ಈಕ್ವೆಡಾರ್‌ನಲ್ಲೂ ಬೆಳೀತಾರೆ, ಅಲ್ಲಿ ಮೋಡವೇ ಚಪ್ಪರದ ಕೆಲಸ ಮಾಡತ್ತೆ, ಅದಕ್ಕೇ ಈಕ್ವೆಡಾರ್ ಕನೆಕ್ಟಿಕಟ್ ಇರೋ ಸಿಗಾರ್ ಸ್ವಲ್ಪ ಅಗ್ಗಕ್ಕೂ ಸಿಗತ್ತೆ. ಕನೆಕ್ಟಿಕಟ್ ಬ್ರಾಡ್‌ಲೀಫ್ ಅಂತ ಇನ್ನೊಂದಿದೆ, ಅದು ಬಿಸಿಲಲ್ಲಿ ಬೆಳೆದ ದಪ್ಪ ಎಲೆ, ಹೆಸರು ಒಂದೇ ಅಂತ ಇದನ್ನ ಅದು ಅಂದ್ಕೋಬೇಡಿ.

ದೇಶ ನೋಡಿದ್ರೆ ಡೊಮಿನಿಕನ್ ರಿಪಬ್ಲಿಕ್‌ನ ಸಿಗಾರ್‌ಗಳು ಸಾಮಾನ್ಯವಾಗಿ ಸೌಮ್ಯ, ನಿಕರಾಗುವಾದವು ಮೆಣಸು ತರ ಖಾರ, ಹೊಂಡುರಾಸ್ ಮಧ್ಯದಲ್ಲಿ ಎಲ್ಲೋ, ಎಲ್ಲದಕ್ಕೂ ಅಪವಾದ ಇದೆ. ಕ್ಯೂಬನ್ ಬಿಟ್ಬಿಡಿ ಈಗ್ಲೇ. 1962ರಿಂದ ಅಮೆರಿಕದಲ್ಲಿ ಅದರ ವ್ಯಾಪಾರಕ್ಕೆ ನಿರ್ಬಂಧ ಇದೆ, ಬೇರೆ ಕಡೆ ಸಿಕ್ಕಿದ್ರೂ ರೇಟು ಕೇಳೋ ಹಾಗಿಲ್ಲ, ನಕಲಿ ಮಾಲಂತೂ ಲೆಕ್ಕ ಇಲ್ಲದಷ್ಟು. ಗಾಜಿನ ಮುಚ್ಚಳದ ಡಬ್ಬೀಲಿ ಕೊಹಿಬಾ (ಹೆಸರುವಾಸಿ ಕ್ಯೂಬನ್ ಬ್ರ್ಯಾಂಡ್) ಅಂತ ಯಾರಾದ್ರೂ ತೋರಿಸಿದ್ರೆ ಮುಟ್ಟದೇ ವಾಪಸ್ ಬನ್ನಿ, ಕ್ಯೂಬಾದವರು ಅಂಥ ಡಬ್ಬಿ ಮಾಡೋದೇ ಇಲ್ಲ.

ಬ್ರ್ಯಾಂಡ್ ಹೆಸರು ಬೇಕು ಅನ್ನೋರಿಗೆ: ಮಕಾನುಡೊ ಕಫೆ ಹೊಸಬರಿಗೆ ಎಷ್ಟೋ ವರ್ಷದಿಂದ ಅಮೆರಿಕದಲ್ಲಿ ಕೊಡ್ತಾ ಬಂದಿರೋ ಸಿಗಾರ್, ಕನೆಕ್ಟಿಕಟ್ ಶೇಡ್ ರ‍್ಯಾಪರ್, ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ತಯಾರಿ, ಎಲ್ಲಾ ಕಡೆ ಸಿಗತ್ತೆ, ಪ್ರತಿ ಸಲ ಒಂದೇ ರುಚಿ. ಒಲಿವಾ ಕನೆಕ್ಟಿಕಟ್ ರಿಸರ್ವ್ ನನಗೆ ಇದಕ್ಕಿಂತ ಇಷ್ಟ, ಕೆನೆ ತರ ಇದ್ದು ಕೊನೇಲಿ ಸ್ವಲ್ಪ ಖಾರ ಬರತ್ತೆ, ನಿಕರಾಗುವಾದ್ದು ಅಂತ ಹೆದರ್ಬೇಡಿ. ಪೆರ್ಡೊಮೊ ಷಾಂಪೇನ್ ಕೂಡ ಹಾಗೇ. ಆರ್ತುರೊ ಫ್ಯುಯೆಂತೆದು ಶಾಟೊ ಫ್ಯುಯೆಂತೆ ಚಿಕ್ಕದು, ರೇಟಿಗೆ ತಕ್ಕ ಕ್ವಾಲಿಟಿಗಿಂತ ಜಾಸ್ತಿನೇ ಕೊಡತ್ತೆ ಅಂತ ನನ್ನ ಅಭಿಪ್ರಾಯ. ಬಕರಾಟ್‌ನಲ್ಲಿ ತುಟಿಗೆ ತಾಗೋ ಕ್ಯಾಪ್‌ಗೆ ಸಿಹಿ ಹಚ್ಚಿರ್ತಾರೆ, ಕೆಲವರಿಗೆ ತುಂಬಾ ಇಷ್ಟ, ಎಲೆ ರುಚಿ ಗೊತ್ತಾಗ್ಬೇಕು ಅನ್ನೋರಿಗೆ ಆ ಸಿಹಿ ಅಡ್ಡ ಬರತ್ತೆ. ಇನ್ನೂ ಅಗ್ಗಕ್ಕೆ ಕ್ವೋರಮ್ ಇದೆ, ಬಂಡಲ್‌ನಲ್ಲಿ ಬರೋದು, ಉದ್ದ ಎಲೆ ಜೊತೆ ತುಂಡು ಎಲೆ ಸೇರಿಸಿ ಕೈಯಲ್ಲೇ ಸುತ್ತಿರ್ತಾರೆ, ಅದರ ಶೇಡ್ ಅನ್ನೋ ಬಗೆ ತಗೊಳ್ಳಿ.

ಉದ್ದ ಎಲೆ, ತುಂಡು ಎಲೆ ಅಂದ್ನಲ್ಲ, ಅಗ್ಗದ ಸಿಗಾರ್ ಆರಿಸುವಾಗ ಇದು ನೋಡ್ಲೇಬೇಕು. ಲಾಂಗ್ ಫಿಲ್ಲರ್ ಅಂದ್ರೆ ಈ ತುದಿಯಿಂದ ಆ ತುದಿವರೆಗೂ ಪೂರ್ತಿ ಎಲೆ, ನಿಧಾನಕ್ಕೆ ತಣ್ಣಗೆ ಉರಿಯತ್ತೆ, ಬೂದಿ ಗಟ್ಟಿ ನಿಲ್ಲತ್ತೆ. ಶಾರ್ಟ್ ಫಿಲ್ಲರ್ ಅಂದ್ರೆ ಕತ್ತರಿಸಿದ ಚೂರು, ಬೇಗ ಉರಿದು ಹೊಗೆ ಬಿಸಿ ಆಗತ್ತೆ, ಬಾಯಿಗೆ ಪುಡಿ ಬರತ್ತೆ. ಅಮೆರಿಕದ ಪೆಟ್ರೋಲ್ ಬಂಕ್ ಕೌಂಟರ್‌ನಲ್ಲಿರೋ ಮೆಷಿನ್ ಸಿಗಾರ್‌ಗಳಲ್ಲಿ ಎಷ್ಟೋಕ್ಕೆ ರ‍್ಯಾಪರ್ ಕೂಡ ಎಲೆ ಪುಡಿನ ತಿರುಳು ಮಾಡಿ ಕಾಗದದ ಹಾಗೆ ತಟ್ಟಿರೋದು. ನಾಲ್ಕು ಅಂಥದ್ದು ತಗೊಳ್ಳೋ ದುಡ್ಡಲ್ಲಿ ಒಂದು ಕೈಸಿಗಾರ್ ತಗೊಳ್ಳಿ.

ಸೈಜು ವಿಷಯದಲ್ಲಿ ಹೊಸಬರು ದೊಡ್ಡದಕ್ಕೇ ಹೋಗ್ತಾರೆ. ಉದ್ದ ಇಂಚಿನಲ್ಲಿ, ದಪ್ಪ ರಿಂಗ್ ಗೇಜ್‌ನಲ್ಲಿ ಬರೆದಿರ್ತಾರೆ, ಒಂದು ರಿಂಗ್ ಅಂದ್ರೆ ಇಂಚಿನ 64ನೇ ಒಂದು ಭಾಗ, 50 ರಿಂಗ್ ಅಂದ್ರೆ ಸುಮಾರು 20 ಮಿ.ಮೀ. ದಪ್ಪ. ರೊಬುಸ್ಟೊ ಅನ್ನೋ ಸೈಜು ಸಾಮಾನ್ಯವಾಗಿ 5 ಇಂಚು 50 ರಿಂಗ್, ಮುಕ್ಕಾಲು ಗಂಟೆಗಿಂತ ಜಾಸ್ತಿ ಹಿಡಿಯತ್ತೆ. ಚರ್ಚಿಲ್ 7 ಇಂಚು, ಅದು ಮುಗಿಯೋಷ್ಟರಲ್ಲಿ ಮೈಲ್ಡ್ ಸಿಗಾರ್ ಕೂಡ ಹೊಸಬರಿಗೆ ಸ್ಟ್ರಾಂಗೇ. ಪೆಟಿಟ್ ಕೊರೊನಾ ಅಂತ 5 ಇಂಚು 42 ರಿಂಗ್ ಆಸುಪಾಸು ಇರೋದು ಕೇಳಿ, ಅರ್ಧ ಗಂಟೆ ಚಿಲ್ಲರೆ ಸಾಕು, ರೇಟೂ ಕಡಿಮೆ. ತುಂಬಾ ಸಣ್ಣದು ಬೇಡ, ತೆಳ್ಳಗಿದ್ದಷ್ಟೂ ಹೊಗೆ ಬೇಗ ಬಿಸಿ ಆಗತ್ತೆ.

ರೇಟಿನ ಮಾತು ಬಂದ್ರೆ ಅಮೆರಿಕದಲ್ಲಿ ನೀವು ಯಾವ ರಾಜ್ಯದಲ್ಲಿದೀರಿ ಅನ್ನೋದೇ ದೊಡ್ಡ ಲೆಕ್ಕ. ಫ್ಲೋರಿಡಾ, ಪೆನ್ಸಿಲ್ವೇನಿಯಾದಲ್ಲಿ ದೊಡ್ಡ ಸಿಗಾರ್‌ಗೆ ರಾಜ್ಯದ ತಂಬಾಕು ತೆರಿಗೆ ಇಲ್ಲ, ನ್ಯೂಯಾರ್ಕ್‌ನಲ್ಲಿ ಹೋಲ್‌ಸೇಲ್ ಬೆಲೆ ಮೇಲೆ 75% ಹಾಕ್ತಾರೆ, ಹಾಗಾಗಿ ಅದೇ ಮಾಲು ಎರಡು ಕಡೆ ಎರಡು ರೇಟು. ಪೂರ್ತಿ ಬಾಕ್ಸ್ ಮಾತ್ರ ಯಾರು ಎಷ್ಟು ಡಿಸ್ಕೌಂಟ್ ಕೊಟ್ರೂ ತಗೋಬೇಡಿ, ಬಿಡಿಯಾಗಿ ಒಂದೊಂದು ತಗೊಳ್ಳಿ, ಬೇರೆ ಬೇರೆ ಎರಡು ಮೂರು ಬಗೆ ನೋಡಿ, ಮನೇಲಿ 20 ಇದ್ರೆ ಸೇದೋದೂ ಜಾಸ್ತಿ ಆಗತ್ತೆ. ಬೆಂಗಳೂರಲ್ಲಿ ತಗೊಳ್ಳೋರಿಗೆ ಆಮದು ಸುಂಕ ಸೇರಿ ಇದೇ ಸಿಗಾರ್ ತುಂಬಾ ದುಬಾರಿ ಬೀಳತ್ತೆ, ಪ್ಯಾಕ್ ಮೇಲೆ ನಮ್ಮ ಸರ್ಕಾರದ ಎಚ್ಚರಿಕೆ ಚಿತ್ರ ಇಲ್ಲ ಅಂದ್ರೆ ಅದು ಕಳ್ಳ ದಾರೀಲಿ ಬಂದಿರೋದು, ಹೇಗೆ ಇಟ್ಟಿದ್ರೋ ಗೊತ್ತಿರಲ್ಲ. ತಿರುಚಿನಾಪಳ್ಳಿ ಕಡೆ ಚಿರೂಟು ಅಗ್ಗ, ನಮ್ಮದೇ ಹಳೇ ಕಸುಬು ಅಂತ ಗೌರವ ಇದೆ ನಂಗೆ, ಆದ್ರೆ ಅದು ಹೊಸಬರಿಗೆ ಖಾರ.

ಅಂಗಡೀಲಿ ಕೈಗೆ ತಗೊಂಡಾಗ ಎರಡು ಬೆರಳಲ್ಲಿ ಹಗೂರಕ್ಕೆ ಉದ್ದಕ್ಕೂ ಒತ್ತಿ ನೋಡಿ, ಸ್ವಲ್ಪ ಬಗ್ಗಿ ವಾಪಸ್ ಬರ್ಬೇಕು. ಒಂದು ಕಡೆ ಕಲ್ಲಿನ ಹಾಗೆ ಗಟ್ಟಿ ಇದ್ರೆ ಅಲ್ಲಿ ಹೊಗೆ ಸಿಕ್ಕಾಕ್ಕೊಳತ್ತೆ, ಮೆತ್ತಗಿದ್ರೆ ಅಲ್ಲಿ ಬಿಸಿ ಆಗತ್ತೆ, ಚರಚರ ಸದ್ದು ಬಂದ್ರೆ ಒಣಗಿದೆ. ರ‍್ಯಾಪರ್ ಬಿರುಕು, ಸೂಜಿ ಚುಚ್ಚಿದ ಹಾಗಿರೋ ತೂತು ನೋಡ್ಕೊಳ್ಳಿ, ತೂತು ಇದ್ರೆ ಹುಳ ಬಿದ್ದಿದೆ.

ಸೇದೋ ದಿನ ಹೊಟ್ಟೆ ತುಂಬಾ ಊಟ ಮಾಡಿರ್ಬೇಕು, ಇದು ನಾನು ಬೇಡ್ಕೊಂಡು ಹೇಳೋ ಮಾತು. ಸಿಗಾರ್ ಹೊಗೆ ಕ್ಷಾರೀಯ, ನಿಕೋಟಿನ್ ಬಾಯಿ ಒಳಗಿನ ಚರ್ಮದಿಂದಲೇ ರಕ್ತಕ್ಕೆ ಹೋಗತ್ತೆ, ಖಾಲಿ ಹೊಟ್ಟೇಲಿ ತಣ್ಣನೆ ಬೆವರು, ವಾಂತಿ, ತಲೆಸುತ್ತು ಗ್ಯಾರಂಟಿ. ಬಾಯಿಗೆ ಇಡೋ ಮುಚ್ಚಿದ ತುದೀಲಿ, ಕ್ಯಾಪ್ ರ‍್ಯಾಪರ್‌ಗೆ ಸೇರೋ ಗೆರೆ ಮೇಲ್ಗಡೆ 2 ಮಿ.ಮೀ.ನಷ್ಟು ಮಾತ್ರ ಕತ್ತರಿಸಿ, ಗೆರೆ ದಾಟಿದ್ರೆ ರ‍್ಯಾಪರ್ ಬಿಚ್ಕೊಳತ್ತೆ, ಅಗ್ಗದ ಎರಡು ಬ್ಲೇಡಿನ ಕಟರ್ ಸಾಕು. ಪೆಟ್ರೋಲ್ ಲೈಟರ್ ಬೇಡ, ವಾಸನೆ ಹಿಡಿಯತ್ತೆ, ಬ್ಯುಟೇನ್ ಲೈಟರ್ ಇಲ್ಲಾ ಉದ್ದ ಬೆಂಕಿಕಡ್ಡಿ, ಗಂಧಕ ಉರಿದು ಹೋದ್ಮೇಲೆ. ಜ್ವಾಲೆ ತಾಗಿಸ್ದೇ ಸ್ವಲ್ಪ ಕೆಳಗೆ ಹಿಡಿದು ತುದಿ ಸುತ್ತಲೂ ಕೆಂಪಾಗೋ ತನಕ ತಿರುಗಿಸ್ತಾ ಇರಿ, ಆಮೇಲೆ ಎಳೀರಿ. ಹೊಗೆ ಬಾಯಲ್ಲೇ ಇಟ್ಕೊಂಡು ಬಿಟ್ಬಿಡಿ, ಎದೆಗೆ ಎಳ್ಕೋಬೇಡಿ, ಸಿಗರೇಟ್ ಸೇದಿ ಅಭ್ಯಾಸ ಇರೋರು ಗೊತ್ತಿಲ್ದೇ ಎಳೀತಾರೆ, ಅವರೇ ಹೆಚ್ಚು ಜೋಪಾನವಾಗಿರ್ಬೇಕು. ನಿಮಿಷಕ್ಕೆ ಒಂದು ಸಲ ಸಾಕು, ಅದಕ್ಕಿಂತ ಬೇಗ ಎಳೆದ್ರೆ ಯಾವ ಮೈಲ್ಡ್ ಸಿಗಾರೂ ಕಹಿ ಆಗತ್ತೆ. ಆರಿ ಹೋದ್ರೆ ಬೂದಿ ಉದುರಿಸಿ ಮತ್ತೆ ಹಚ್ಚಬಹುದು.

ಕೊನೇ ಮೂರನೇ ಒಂದು ಭಾಗ ಬಿಸಿ, ಖಡಕ್, ಅದನ್ನ ಮುಗಿಸ್ಲೇಬೇಕು ಅಂತ ಯಾರೂ ಹೇಳಿಲ್ಲ. ತಲೆ ಹಗುರ ಅನ್ನಿಸಿದ ಕೂಡ್ಲೇ ಆ್ಯಶ್‌ಟ್ರೇಲಿ ಇಟ್ಬಿಡಿ, ಒತ್ತಿ ಉಜ್ಜಬೇಡಿ, ತಾನಾಗೇ ಆರತ್ತೆ, ಸುಮ್ನೆ ಕೂತು ನೀರು ಕುಡೀರಿ, ಬೆಲ್ಲವೋ ಸಕ್ಕರೆಯೋ ಬಾಯಿಗೆ ಹಾಕ್ಕೊಳ್ಳಿ. ಎದೆ ಹೊಡ್ಕೊಳ್ಳೋದು ನಿಲ್ಲದೇ ಇದ್ರೆ, ವಾಂತಿ ನಿಲ್ಲದೇ ಇದ್ರೆ ಡಾಕ್ಟರ್ ಹತ್ರ ಹೋಗಿ.

ಉಳಿದ ಒಂದೆರಡು ಸಿಗಾರ್‌ಗೆ ಸಾವಿರಾರು ರೂಪಾಯಿ ಹ್ಯೂಮಿಡಾರ್, ಅಂದ್ರೆ ತೇವ ಹದವಾಗಿಡೋ ಪೆಟ್ಟಿಗೆ, ಬೇಡ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಇಲ್ಲಾ ಜಿಪ್ ಕವರ್ ಒಳಗೆ 65% ಅಥವಾ 69% ಅಂತ ಬರೆದಿರೋ ಹ್ಯುಮಿಡಿಟಿ ಪ್ಯಾಕ್ ಒಂದು ಹಾಕಿ. ಫ್ರಿಜ್‌ನಲ್ಲಿ ಇಟ್ರೆ ಒಣಗತ್ತೆ, ಊಟದ ವಾಸನೆನೂ ಹಿಡಿಯತ್ತೆ. ಕಲಬುರಗಿ ಬೇಸಿಗೇಲಿ ಬಿಟ್ಟಿಟ್ಟ ಸಿಗಾರ್ ಎರಡೇ ದಿನಕ್ಕೆ ಬಿರಿಯತ್ತೆ, ಮಂಗಳೂರಿನ ಮಳೆಗಾಲದಲ್ಲಿ ಬೂಷ್ಟು ಬರತ್ತೆ, ಬಿಸಿ 25 ಡಿಗ್ರಿ ದಾಟಿದ್ರೆ ಎಲೆ ಒಳಗಿನ ಮೊಟ್ಟೆ ಒಡೆದು ಹುಳ ಎದ್ದೇಳ್ಬಹುದು, ಹಾಗಾಗಿ ಡಬ್ಬೀನ ಮನೇಲಿ ಎಲ್ಲಕ್ಕಿಂತ ತಂಪಾದ ಕಪಾಟಲ್ಲಿಡಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಸಿಗಾರ್ ತುಂಡು ಬಾಯಿಗೆ ಹಾಕ್ಕೊಂಡ್ರೆ ಚಿಕ್ಕ ಮಕ್ಕಳಿಗೆ, ನಾಯಿಗೆ ಅದು ನೇರವಾಗಿ ವಿಷ.