ಫೋನಿಗೂ ಟವರ್‌ಗೂ ಟೈಮಿಂಗ್ ಹೊಂದುವುದು ಹೇಗೆ?

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಎರಡು ನಿಮಿಷಕ್ಕಾಗಿ ಜಗಳ ಆಗುವುದನ್ನು ನೋಡಿರುತ್ತೀರಿ. ‘ಇದು ನಮ್ಮ ಟೈಮಿಂಗ್, ನೀನು ಹೇಗೆ ಬಂದೆ?’ ಮೊಬೈಲ್ ನೆಟ್‌ವರ್ಕಿನ ತಲೆನೋವೂ ಇದೇ. ಅಲ್ಲಿ ಲೆಕ್ಕ ಮಾತ್ರ ಮೈಕ್ರೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನಾವೆಲ್ಲ ಸಿಗ್ನಲ್ ಕಡ್ಡಿ ಎಣಿಸುತ್ತೇವೆ. ಟೈಮಿಂಗ್ ತಪ್ಪಿದರೆ ಕಡ್ಡಿ ಪೂರ್ತಿ ಇದ್ದೂ ಪ್ರಯೋಜನ ಇಲ್ಲ.

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ತೆಗೆಯಿರಿ. ಕಡ್ಡಿ ಮತ್ತೆ ಮೂಡುವಷ್ಟರಲ್ಲಿ ಏನೇನೋ ನಡೆದಿರುತ್ತದೆ.

ಮೊದಲನೇ ಹಂತ: ಫೋನು ಸುಮ್ನೆ ಕೇಳುತ್ತದೆ. 4ಜಿ ಟವರ್ 5 ಮಿಲಿಸೆಕೆಂಡಿಗೊಮ್ಮೆ ಎರಡು ಗುರುತಿನ ಸಿಗ್ನಲ್ ಕಳಿಸುತ್ತಲೇ ಇರುತ್ತದೆ. ಅವು ಹೇಗಿರುತ್ತವೆ ಎಂದು ಫೋನಿಗೆ ಮೊದಲೇ ಗೊತ್ತು. ಹೋಲಿಕೆ ಸಿಕ್ಕಿತೋ, ಭಾಗವತರ ತಾಳ ಕಿವಿಗೆ ಬಿದ್ದ ಹಾಗೆ. ಎರಡನ್ನೂ ಸೇರಿಸಿ ನೋಡಿದರೆ 504 ಗುರುತುಗಳಲ್ಲಿ ಈ ಟವರಿನದು ಯಾವುದು ಎಂದೂ ತಿಳಿಯುತ್ತದೆ. ಫೋನಿನೊಳಗೆ ಗಡಿಯಾರದ ಕೆಲಸ ಮಾಡುವ ಅಗ್ಗದ ಕ್ರಿಸ್ಟಲ್ ಸ್ವಲ್ಪ ಹಿಂದೆ ಮುಂದೆ ಓಡುತ್ತಿರುತ್ತದೆ. ಅದನ್ನೂ ಇಲ್ಲೇ ಸರಿಮಾಡಿಕೊಳ್ಳುತ್ತದೆ.

ಎರಡನೇ ಹಂತ: ಈಗ ನಡೆಯುತ್ತಿರುವುದು ಎಷ್ಟನೇ ಫ್ರೇಮ್ ಎಂದು ಓದಿಕೊಳ್ಳುತ್ತದೆ. ಫ್ರೇಮ್ ಎಂದರೆ ಟವರ್ ತನ್ನ ಸಮಯವನ್ನು ಕತ್ತರಿಸಿಕೊಂಡ ಒಂದು ತುಂಡು, 10 ಮಿಲಿಸೆಕೆಂಡಿನದು. ಎಣಿಕೆ 0ಯಿಂದ 1023ರವರೆಗೆ, ಮತ್ತೆ 0.

ಮೂರನೇ ಹಂತವೇ ನನಗೆ ಜಾಸ್ತಿ ಇಷ್ಟ. ಸುರತ್ಕಲ್ ಬಸ್ಸೂ ಕಂಕನಾಡಿ ಬಸ್ಸೂ ತಮ್ಮ ನಿಮಿಷಕ್ಕೆ ಸರಿಯಾಗಿ ಸ್ಟೇಟ್ ಬ್ಯಾಂಕ್ ಮುಟ್ಟಬೇಕಾದರೆ ದೂರದವನು ಮೊದಲೇ ಹೊರಡಬೇಕು, ಅಲ್ವಾ? ರೇಡಿಯೊ ಅಲೆ ಒಂದು ಮೈಕ್ರೋಸೆಕೆಂಡಿಗೆ 300 ಮೀಟರ್ ಹೋಗುತ್ತದೆ. ನೀವು ಟವರಿನಿಂದ 3 ಕಿ.ಮೀ. ದೂರದಲ್ಲಿದ್ದರೆ ತಾಳ ನಿಮಗೆ ಕೇಳುವುದೇ 10 ಮೈಕ್ರೋಸೆಕೆಂಡ್ ತಡವಾಗಿ. ನಿಮ್ಮ ಉತ್ತರ ಹೋಗಲು ಇನ್ನೊಂದು 10. ಒಟ್ಟು 20. ಆದರೆ 4ಜಿಯಲ್ಲಿ ಇಂಥ ತಡಕ್ಕೆಂದು ಬಿಟ್ಟಿರುವ ಜಾಗ ಸುಮಾರು 4.7 ಮೈಕ್ರೋಸೆಕೆಂಡ್ ಮಾತ್ರ. ಅದು ಮೀರಿದರೆ ನಿಮ್ಮ ಮಾತು ಇನ್ನೊಬ್ಬರ ಮಾತಿನ ಮೇಲೆ ಬೀಳುತ್ತದೆ.

ಅದಕ್ಕೇ ಫೋನು ಮೊದಲು ಒಂದು ಸಣ್ಣ ಕೂಗು ಹಾಕುತ್ತದೆ. ಅದು ಎಷ್ಟು ತಡವಾಗಿ ಬಂತು ಎಂದು ಟವರ್ ಅಳೆದು, ‘ನೀನು ಇಷ್ಟು ಬೇಗ ಹೊರಡು’ ಎನ್ನುತ್ತದೆ. ಇದಕ್ಕೆ ಟೈಮಿಂಗ್ ಅಡ್ವಾನ್ಸ್ ಎಂದು ಹೆಸರು. ನೀವು ಉಡುಪಿ ಬಸ್ಸಿನಲ್ಲಿ ಕೂತು ಮಾತಾಡುತ್ತಿದ್ದರೆ ದಾರಿಯುದ್ದಕ್ಕೂ ಈ ತಿದ್ದುಪಡಿ ನಡೆಯುತ್ತಲೇ ಇರುತ್ತದೆ.

ಹಳೆಯ 2ಜಿಯಲ್ಲಿ ಇದಕ್ಕೆ 0ಯಿಂದ 63ರವರೆಗೆ ಮಾತ್ರ ಅಂಕೆ. ಒಂದೊಂದಕ್ಕೆ ಸುಮಾರು 550 ಮೀಟರ್; 35 ಕಿ.ಮೀ.ಗೆ ಎಲ್ಲ ಮುಗಿಯುತ್ತದೆ. ಮಲ್ಪೆಯಿಂದ ಹೊರಟ ಬೋಟು ಅದಕ್ಕಿಂತ ಆಚೆ ಹೋದರೆ, ಕಡ್ಡಿ ಕಂಡರೂ ಸಾಮಾನ್ಯ 2ಜಿ ಟವರಿಗೆ ಕರೆ ಹತ್ತುವುದಿಲ್ಲ. 4ಜಿಯಲ್ಲಿ ಒಂದು ಅಂಕೆ ಬರೀ 78 ಮೀಟರ್, ಆದರೆ ಎಣಿಕೆ 100 ಕಿ.ಮೀ.ವರೆಗೂ ಹೋಗುತ್ತದೆ.

ಕೊನೆಯ ಹಂತ ಟವರ್ ಟವರ್‌ಗಳ ನಡುವಿನದು. 3.5 ಗಿಗಾಹರ್ಟ್ಜ್‌ನ 5ಜಿಯಲ್ಲಿ ಮಾತಾಡುವುದೂ ಕೇಳುವುದೂ ಒಂದೇ ಫ್ರೀಕ್ವೆನ್ಸಿಯಲ್ಲಿ, ಸರದಿಯ ಮೇಲೆ. ಒಂದು ಟವರ್ ಕಿವಿಗೊಟ್ಟು ಕೂತಾಗ ಪಕ್ಕದ್ದು ಬೊಬ್ಬೆ ಹಾಕಿದರೆ ಫೋನುಗಳ ಸಣ್ಣ ದನಿ ಕೇಳಿಸುವುದು ಹೇಗೆ? ಅದಕ್ಕೆ ಎಲ್ಲ ಟವರ್‌ಗಳೂ ಒಂದೇ ಗಡಿಯಾರಕ್ಕೆ 1.5 ಮೈಕ್ರೋಸೆಕೆಂಡಿನೊಳಗೆ ಹೊಂದಿಕೊಂಡಿರಬೇಕು. ಆ ಗಡಿಯಾರ ಬರುವುದು ಜಿಪಿಎಸ್ ಉಪಗ್ರಹಗಳಿಂದ. ಟವರ್ ನಿಂತಲ್ಲೇ ನಿಂತಿರುತ್ತದೆ, ಅದಕ್ಕೆ ದಾರಿ ಬೇಕಿಲ್ಲ, ಬೇಕಿರುವುದು ಟೈಮ್. ಆಕಾಶ ಕಾಣದ ಕಡೆ ಫೈಬರ್ ಕೇಬಲ್ಲಿನಲ್ಲೇ ಟೈಮ್ ಕಳಿಸುವುದೂ ಉಂಟು.

ಟವರಿನ ಬಳಿ ಅಣಬೆಯಂಥ ಪುಟ್ಟ ಬಿಳಿ ಆಂಟೆನಾ ಆಕಾಶಕ್ಕೆ ಮುಖಮಾಡಿ ನಿಂತಿದ್ದರೆ ಅದು ಈ ಜಿಪಿಎಸ್‌ನದೇ ಇರಬಹುದು. ಅದು ಕೆಟ್ಟರೆ, ಒಂದೇ ಬಿಸಿಯಲ್ಲಿ ಇಟ್ಟಿರುವ ಒಳ್ಳೆಯ ಕ್ರಿಸ್ಟಲ್ ಒಂದಷ್ಟು ಹೊತ್ತು ಟೈಮ್ ಕಾಪಾಡುತ್ತದೆ. ಆಮೇಲೂ ಜಿಪಿಎಸ್ ಬರದಿದ್ದರೆ, ಪಕ್ಕದವರಿಗೆ ತೊಂದರೆ ಆಗದಿರಲಿ ಎಂದು ಆ ಟವರಿನ ಬಾಯಿಯನ್ನೇ ಮುಚ್ಚಿಸಬೇಕಾಗುತ್ತದೆ.