ಆಟಿ ತಿಂಗಳಲ್ಲಿ ನೀರುಚೀಲ ಒಣಗಿಸಿದ್ದು

ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದಲ್ಲಿ ನಮ್ಮ ಅಡಿಕೆ ತೋಟ. ಹುಲ್ಲು ಕೊಚ್ಚುವ ಮಿಷನ್ ಹಿಡಿದು ಬೆಳಿಗ್ಗೆ ಏಳಕ್ಕೆ ಇಳಿದರೆ ಒಂದು ಬದಿ ಮುಗಿಯುವಾಗ ಹತ್ತು ಗಂಟೆ. ನಡುವೆ ಮಿಷನ್ ನಿಲ್ಲಿಸಿ, ಪಟ್ಟಿ ಕಳಚಿ, ಬಾಟಲಿ ಇಟ್ಟಲ್ಲಿಗೆ ನಡೆದುಹೋಗಲು ಉದಾಸೀನವಾಗಿ, ನೀರು ಕುಡಿಯದೆ ಎಷ್ಟೋ ದಿನ ತಲೆನೋವು ತರಿಸಿಕೊಂಡಿದ್ದೇನೆ. ಅದನ್ನು ನೋಡಿ ಅಕ್ಕನ ಮಗ ಬೆಂಗಳೂರಿನಿಂದ ಒಂದು ಹೈಡ್ರೇಶನ್ ಪ್ಯಾಕ್ ತಂದುಕೊಟ್ಟ. ಬೆನ್ನಿಗೆ ಹಾಕುವ ಸಪೂರ ಬ್ಯಾಗು, ಅದರೊಳಗೆ 2 ಲೀಟರ್ ಹಿಡಿಯುವ ಮೆತ್ತನೆಯ ನೀರುಚೀಲ, ಅದರಿಂದ ಹೆಗಲ ಮೇಲಾಗಿ ಬಾಯಿಯವರೆಗೆ ಬರುವ ಪೈಪು, ಪೈಪಿನ ತುದಿಯಲ್ಲಿ ಕಚ್ಚಿದರೆ ನೀರು ಬಿಡುವ ಸಿಲಿಕೋನ್ ಮೂತಿ. ನನ್ನದು ಬದಿಗೆ ನೇತುಹಾಕುವ ಮಿಷನ್ ಆದ್ದರಿಂದ ಬೆನ್ನು ಖಾಲಿಯೇ ಇರುತ್ತದೆ. "ಮಾವ, ಇನ್ನು ಕೈ ಬಿಡದೆ ಕುಡಿಯಬಹುದು" ಎಂದ. ಅವನು ಹೇಳಿದ್ದು ಸರಿಯೇ ಆಯಿತು. ಆದಿತ್ಯವಾರಗಳಲ್ಲಿ ಪೊಸಡಿಗುಂಪೆ ಗುಡ್ಡ ಹತ್ತುವಾಗ, ವರ್ಷಕ್ಕೊಮ್ಮೆ ರಾಣಿಪುರದ ಬೆಟ್ಟಕ್ಕೆ ಹೋಗುವಾಗಲೂ ಅದೇ ಜೊತೆಗೆ.

ಆದರೆ ಮೊದಲ ಚೀಲವನ್ನು ನಾನು ಎರಡನೇ ವರ್ಷವೇ ಕಳೆದುಕೊಂಡೆ. ಮೇ ಕೊನೆಯಲ್ಲಿ ಪೊಸಡಿಗುಂಪೆಗೆ ಹೊರಟಾಗ ಸೆಕೆ ವಿಪರೀತ ಇತ್ತು. ಮನೆಯಲ್ಲಿ ಪುನರ್ಪುಳಿ ಶರಬತ್ತು ಮಾಡಿದ್ದರು. ಅದನ್ನೇ ಚೀಲಕ್ಕೆ ತುಂಬಿಸಿಕೊಂಡೆ. ಇಳಿದು ಬರುವಾಗ ಮಳೆ ಹಿಡಿಯಿತು. ಮನೆಗೆ ಬಂದವನು ಚೀಲ ಖಾಲಿ ಮಾಡಿ, ಒಂದು ಸಲ ನೀರು ಕುಲುಕಿ ಚೆಲ್ಲಿ, ಮುಚ್ಚಳ ಹಾಕಿ ಮಾಳಿಗೆಯ ಗೂಟಕ್ಕೆ ಸಿಕ್ಕಿಸಿದೆ. ಆಮೇಲೆ ತೋಟದಲ್ಲಿ ಮದ್ದು ಬಿಡುವ ಗಡಿಬಿಡಿ. ಮೂರು ವಾರ ಕಳೆದು ತೆಗೆದರೆ ಒಳಗೆಲ್ಲ ಸಾಸಿವೆ ಎರಚಿದ ಹಾಗೆ ಕಪ್ಪು ಚುಕ್ಕೆಗಳು. ಪೈಪಿನ ಒಳಬದಿಗೆ ಕಂದು ಲೋಳೆ. ಮುಚ್ಚಳ ತೆಗೆದಾಗ ಬಂದ ವಾಸನೆ ಕೊಳೆತ ಅಡಿಕೆಯ ರಾಶಿಯದ್ದು.

ಪೇಟೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಕುದಿಯುವ ನೀರು ಹೊಯ್ದರೆ ಎಲ್ಲ ಸಾಯುತ್ತದೆ ಎಂದರು. ನಂಬಿ ಹೊಯ್ದೆ. ಚೀಲದ ಅಂಚಿನ ಬೆಸುಗೆ ಎರಡು ಕಡೆ ಬಿಟ್ಟುಕೊಂಡಿತು, ಚುಕ್ಕೆಗಳು ಮಾತ್ರ ಅಲ್ಲೇ ಉಳಿದವು. ಈ ಚೀಲಗಳನ್ನು ತೆಳು ಪ್ಲಾಸ್ಟಿಕ್ ಹಾಳೆಗಳ ಅಂಚನ್ನು ಬಿಸಿಯಿಂದಲೇ ಒತ್ತಿ ಅಂಟಿಸಿ ಮಾಡಿರುತ್ತಾರೆ. ಬಿಸಿಯಿಂದ ಹಿಡಿದದ್ದು ಬಿಸಿಗೇ ಬಿಡುತ್ತದೆ. ಈಗ ನಾನು ಬಳಸುವುದು ಕೈ ಅದ್ದಿದರೆ ತಾಳಿಕೊಳ್ಳುವಷ್ಟು ಬಿಸಿಯ ನೀರು ಮಾತ್ರ.

ಎರಡನೇ ಚೀಲ ಈಗ ನಾಲ್ಕನೇ ಮಳೆಗಾಲ ಕಾಣುತ್ತಿದೆ. ಇದರೊಳಗೆ ಒಂದು ಚುಕ್ಕೆಯೂ ಬಂದಿಲ್ಲ. ಮೊದಲ ನಿಯಮ: ನೀರು ಬಿಟ್ಟು ಬೇರೆ ಯಾವುದನ್ನೂ ಹಾಕುವುದಿಲ್ಲ. ಸಕ್ಕರೆಯ ಅಂಶ ಪೈಪಿನ ಗೋಡೆಗೆ ಹಿಡಿದರೆ ಬೂಸಲಿಗೆ ಊಟ ಹಾಕಿದಂತೆ. ಶರಬತ್ತು, ಎಳನೀರು, ಗ್ಲೂಕೋಸ್ ನೀರು ಬೇಕಿದ್ದರೆ ಸಣ್ಣ ಸ್ಟೀಲ್ ಬಾಟಲಿಯಲ್ಲಿ ಬೇರೆಯೇ ಒಯ್ಯುತ್ತೇನೆ.

ಬರೀ ನೀರಾದರೂ ಉದಾಸೀನ ಮಾಡುವಂತಿಲ್ಲ ಎಂಬುದಕ್ಕೆ ನಮ್ಮ ಊರಿನದೇ ಒಂದು ಕಾರಣವಿದೆ. ನಮ್ಮ ಮನೆಗೆ ಸುರಂಗದ ನೀರು. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲಕ್ಕೆ ಅಜ್ಜನ ಕಾಲದಲ್ಲಿ ಕೊರೆಸಿದ್ದು. ಒಳಗೆ ಒಸರುವ ನೀರು ಪಂಪಿಲ್ಲದೆ ತಾನಾಗಿ ಹರಿದು ಬಂದು ಅಂಗಳದ ತೊಟ್ಟಿಗೆ ಬೀಳುತ್ತದೆ. ಬೇಸಗೆಯಲ್ಲೂ ಅದರ ತಂಪು, ರುಚಿ ಬೇರೆ ಯಾವ ನೀರಿಗೂ ಇಲ್ಲ. ಸುಣ್ಣದ ಅಂಶ ಕಡಿಮೆ ಇರುವುದರಿಂದ ಚೀಲದೊಳಗೆ ಬಿಳಿ ಪದರ ಕಟ್ಟುವುದೂ ಇಲ್ಲ. ಆದರೆ ಪೇಟೆಯ ನಲ್ಲಿ ನೀರಿನಲ್ಲಿರುವ ಕ್ಲೋರಿನ್ ಇದರಲ್ಲಿಲ್ಲ. ಚೀಲದಲ್ಲಿ ನಿಂತ ನೀರನ್ನು ಕಾಯುವುದಕ್ಕೆ ಏನೂ ಇಲ್ಲ ಎಂದಾಯಿತು. ಹಾಗಾಗಿ ನಿನ್ನೆಯ ನೀರನ್ನು ಇವತ್ತು ಕುಡಿಯುವುದಿಲ್ಲ. ಉಳಿದದ್ದು ಬಸಳೆ ಚಪ್ಪರದ ಬುಡಕ್ಕೆ ಹೋಗುತ್ತದೆ.

ತೊಳೆಯುವ ಕ್ರಮ ನಾನು ಕಲಿತದ್ದು ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದಿನ ಸ್ಪ್ರೇಯರಿನಿಂದ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿ ಮದ್ದು ಬಿಟ್ಟ ಸಂಜೆ ಪೈಪಿನಲ್ಲಿ ಒಳ್ಳೆಯ ನೀರು ಓಡಿಸದಿದ್ದರೆ ಮರುದಿನ ನೋಝಲ್ ಕಟ್ಟುತ್ತದೆ. ಒಣಗಿ ಹಿಡಿದ ಮೇಲೆ ಬಿಡಿಸಲು ಪಡುವ ಕಷ್ಟ ತೋಟದವರಿಗೆಲ್ಲ ಗೊತ್ತು. ಕುಡಿಯುವ ಪೈಪಿಗೂ ಅದೇ ಲೆಕ್ಕ, ಆ ದಿನದ್ದು ಆ ದಿನವೇ. ತೋಟದಿಂದ ಬಂದು ಸ್ನಾನಕ್ಕೆ ಹೋಗುವ ಮೊದಲು ಪೈಪು ಬಿಡಿಸುತ್ತೇನೆ, ಮೂತಿ ಕಳಚುತ್ತೇನೆ. ಚೀಲಕ್ಕೆ ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ. ಬಾಯಿ ಅಗಲವಿರುವ ಚೀಲವಾದ್ದರಿಂದ ಕೈ ಹಾಕಿ ಮೆತ್ತನೆಯ ಸ್ಪಂಜಿನಲ್ಲಿ ಮೂಲೆಗಳನ್ನು ಒರೆಸುತ್ತೇನೆ. ತೆಂಗಿನ ನಾರು, ಸ್ಟೀಲ್ ಉಂಡೆ ಮುಟ್ಟಿಸಬಾರದು. ಅದರಿಂದಾಗುವ ಗೀರಿನಲ್ಲಿ ಲೋಳೆ ಕೂತರೆ ಮತ್ತೆ ಏಳುವುದಿಲ್ಲ.

ಮೂತಿಯೇ ಎಲ್ಲಕ್ಕಿಂತ ಕೊಳೆಯಾಗುವ ಜಾಗ. ಬಾಯಿಯ ಎಂಜಲು, ಕೊಚ್ಚಿದ ಹುಲ್ಲಿನ ಚೂರು, ಪೆಟ್ರೋಲ್ ಮುಟ್ಟಿದ ಬೆರಳು ಎಲ್ಲ ತಾಗುವುದು ಅಲ್ಲಿಗೇ. ಅದರ ನಡುವೆ ಬ್ಲೇಡಿನಲ್ಲಿ ಕೊಯ್ದಂಥ ಒಂದು ಸೀಳು ಇರುತ್ತದೆ. ಎರಡು ಬೆರಳಲ್ಲಿ ಬದಿಗಳನ್ನು ಒತ್ತಿ ಸೀಳು ತೆರೆದು ಬೆಳಕಿಗೆ ಹಿಡಿದು ನೋಡಿ. ತುಟಿಗಳ ಒಳಬದಿಯಲ್ಲಿ ತೆಳ್ಳನೆಯ ನಸುಗೆಂಪು ಪದರ ಕಂಡರೆ ಅದು ಲೋಳೆ. ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿನಿಂದ ಸೀಳಿನೊಳಗೆ ಉಜ್ಜಬೇಕು. ಪಿನ್ನು, ಕಡ್ಡಿ ಹಾಕಿದರೆ ಸೀಳು ಹರಿದು ನೀರು ತೊಟ್ಟಿಕ್ಕಲು ಸುರುವಾಗುತ್ತದೆ.

ಪೈಪಿಗೆ ಉದ್ದನೆಯ ಬ್ರಶ್ ಸಿಗುತ್ತದೆ. ನಾನು ಗಾಳದ ನೈಲಾನ್ ದಾರದಲ್ಲೇ ಸುಧಾರಿಸುತ್ತೇನೆ. ದಾರದ ತುದಿಗೆ ಪೈಪಿನೊಳಗೆ ಜಾರುವಷ್ಟು ಸಣ್ಣ ಸೀಸದ ಗುಂಡು ಕಟ್ಟಿ, ಪೈಪು ಎತ್ತಿ ಹಿಡಿದರೆ ಅದು ಕೆಳಗೆ ಇಳಿದು ಬರುತ್ತದೆ. ಗುಂಡು ಬಿಚ್ಚಿ, ದಾರದ ಇನ್ನೊಂದು ತುದಿಗೆ ಹಳೆಯ ಬೈರಾಸಿನ ಬೆರಳಗಲದ ತುಂಡನ್ನು ಸೋಪು ನೀರಲ್ಲಿ ಅದ್ದಿ ಬಿಗಿಯಾಗಿ ಕಟ್ಟಿ ಎಳೆಯುತ್ತೇನೆ. ಸಲೀಸಾಗಿ ಬಂದರೆ ತುಂಡು ಸಾಲದು ಎಂದರ್ಥ, ಗೋಡೆಗೆ ಉಜ್ಜಿಕೊಂಡು ಬರಬೇಕು. ಮೊದಲ ಸಲ ಎಳೆದಾಗ, ಕಣ್ಣಿಗೆ ಚೊಕ್ಕವಾಗಿಯೇ ಕಾಣುತ್ತಿದ್ದ ಪೈಪಿನಿಂದ ಬಿಳಿ ಬಟ್ಟೆ ಕಾಫಿ ಬಣ್ಣಕ್ಕೆ ತಿರುಗಿ ಬಂತು. ಅಂದಿನಿಂದ ವಾರಕ್ಕೊಮ್ಮೆ ತಪ್ಪಿಸಿಲ್ಲ. ಸೀಸ ತಾಗಿದ ಪೈಪಿನಲ್ಲಿ ನೀರು ಕುಡಿಯುವುದು ಬೇಡವೆನಿಸಿ ಈಗ ಗುಂಡಿನ ಬದಲು ಸಣ್ಣ ಸ್ಟೀಲ್ ನಟ್ಟು ಕಟ್ಟುತ್ತೇನೆ. ನೀವು ಮಾಡುವುದಿದ್ದರೆ ಮೊದಲೇ ನಟ್ಟು ಹಾಕಿ.

ಪ್ಲಾಸ್ಟಿಕ್ಕಿನ ವಾಸನೆಗೂ ಹಳೆ ನೀರಿನ ವಾಸನೆಗೂ ಅಡುಗೆ ಸೋಡಾ ಸಾಕು. ಎರಡು ದೊಡ್ಡ ಚಮಚ ಸೋಡಾ ಕರಗಿಸಿ ಚೀಲ ತುಂಬಿಸಿ, ಮೂತಿ ಒತ್ತಿ ಪೈಪಿನಲ್ಲೂ ಆ ನೀರು ಬರಿಸಿ, ರಾತ್ರಿ ಇಟ್ಟು ಬೆಳಿಗ್ಗೆ ತೊಳೆಯುವುದು. ಬೋರ್‌ವೆಲ್ ನೀರು ತುಂಬುವವರಿಗೆ ಕಬ್ಬಿಣದ ಕೆಂಪು ಕಲೆ ಹಿಡಿದರೆ ಲಿಂಬೆಹುಳಿ ರಸದ ನೀರು ಒಳ್ಳೆಯದು. ಸೋಡಾ, ಲಿಂಬೆ ಎರಡನ್ನೂ ಒಟ್ಟಿಗೆ ಹಾಕಬೇಡಿ. ನೊರೆ ಏಳುವುದನ್ನು ನೋಡಿ ಕೊಳೆ ಹೋಯಿತೆಂದು ಅನಿಸುತ್ತದೆ, ಆದರೆ ಒಂದರ ಗುಣವನ್ನು ಇನ್ನೊಂದು ಕಳೆಯುತ್ತದೆ, ಮುಚ್ಚಿದ ಚೀಲ ಗ್ಯಾಸಿಗೆ ಉಬ್ಬುತ್ತದೆ. ಬೂಸಲು ಬಂದೇಬಿಟ್ಟಿದ್ದರೆ ಪರಿಮಳ ಸೇರಿಸದ ದ್ರವರೂಪದ ಬ್ಲೀಚು, ಲೀಟರಿಗೆ ಒಂದು ಸಣ್ಣ ಚಮಚ, ಇಪ್ಪತ್ತು ನಿಮಿಷ. ಬಳಿಕ ವಾಸನೆ ಪೂರ್ತಿ ಹೋಗುವವರೆಗೆ ತೊಳೆಯಬೇಕು. ಬ್ಲೀಚಿನ ಜೊತೆ ಲಿಂಬೆ, ವಿನೆಗರ್ ಯಾವುದೂ ಸೇರಕೂಡದು. ಅದರಿಂದ ಏಳುವ ಕ್ಲೋರಿನ್ ಗ್ಯಾಸು ಉಸಿರಿಗೆ ವಿಷ. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯನ್ನೂ ನಾನು ಚೀಲಕ್ಕೆ ಬಳಸುವುದಿಲ್ಲ, ಅದರ ಗಸಿ ಮೂಲೆಯಲ್ಲಿ ಉಳಿಯುತ್ತದೆ.

ಇಷ್ಟು ಕೆಲಸ ಕಾಲು ಗಂಟೆಯದ್ದು. ನಿಜವಾದ ಪಾಡು ಒಣಗಿಸುವುದರಲ್ಲಿ. ಆಟಿ ಎಂದರೆ ತುಳುವಿನ ಜಡಿಮಳೆಯ ತಿಂಗಳು, ಜುಲೈ-ಆಗಸ್ಟ್ ಹೊತ್ತು. ಆಗ ನಮ್ಮಲ್ಲಿ ಬಟ್ಟೆ ನಾಲ್ಕು ದಿನಕ್ಕೂ ಒಣಗುವುದಿಲ್ಲ, ಬೆಲ್ಟು ಚಪ್ಪಲಿಗೆ ಹಸಿರು ಬೂಸಲು. ಅಂಥದರಲ್ಲಿ ಎರಡು ಗೋಡೆ ಒಂದಕ್ಕೊಂದು ಅಂಟಿಕೊಳ್ಳುವ ಚೀಲ ಒಣಗುವುದು ಹೇಗೆ? ಗೋಡೆಗಳನ್ನು ದೂರ ಹಿಡಿಯಬೇಕೆಂದು ಮೊದಲು ಮರದ ಕಡಗೋಲನ್ನು ಒಳಗಿಟ್ಟೆ. ಮೂರನೇ ದಿನ ಕಡಗೋಲಿಗೇ ಬೂಸಲು ಬಂತು. ಅಡಿಕೆ ಹಾಳೆಯ ಪಟ್ಟಿಯನ್ನು ಬಳೆಯಂತೆ ಬಗ್ಗಿಸಿ ಇಟ್ಟೆ, ಅದೂ ತೇವ ಎಳೆದುಕೊಂಡಿತು. "ಮರವೂ ಹಾಳೆಯೂ ಮಳೆಗಾಲದಲ್ಲಿ ನೀರು ಕುಡಿಯುತ್ತವೆ, ಸ್ಟೀಲು ಇಡು" ಎಂದು ಅತ್ತಿಗೆ ತಂತಿಯ ಸ್ಟೀಲ್ ಕಡಗೋಲು ಕೊಟ್ಟರು. ಅದರ ತಂತಿಗಳು ಬುಟ್ಟಿಯ ಹಾಗೆ ಅರಳಿ ನಿಲ್ಲುತ್ತವೆ, ಚೂಪು ತುದಿ ಇಲ್ಲ, ಗಾಳಿ ಸುತ್ತ ಆಡುತ್ತದೆ. ಚೀಲದೊಳಗನ್ನು ಮೊದಲು ಒಗೆದ ಹತ್ತಿ ಬಟ್ಟೆಯಲ್ಲಿ ಒರೆಸಿ, ಕಡಗೋಲು ಇಟ್ಟು, ಬಾಯಿ ಕೆಳಗೆ ಮಾಡಿ ಫ್ಯಾನಿನಡಿ ತೂಗಿಸಿದರೆ ಎಂಥ ಮಳೆಯಲ್ಲೂ ಮರುದಿನ ಸಂಜೆಗೆ ಒಣಗಿರುತ್ತದೆ.

ಪೈಪಿಗೆ ಫ್ಯಾನು ಸಾಲದು. ಅದರ ಒಂದು ತುದಿ ಹಿಡಿದು ಅಂಗಳದಲ್ಲಿ ಗಿರ್ರನೆ ಬೀಸಿದರೆ ಹನಿಗಳು ಹಾರಿಹೋಗುತ್ತವೆ, ತೇವ ಮಾತ್ರ ಉಳಿಯುತ್ತದೆ. ಮಗಳ ಮೀನಿನ ತೊಟ್ಟಿಗೆ ಗಾಳಿ ಊದುವ ಪುಟ್ಟ ಪಂಪು ಒಂದು ಕೆಲಸವಿಲ್ಲದೆ ಕಪಾಟಿನಲ್ಲಿತ್ತು. ಅದರ ಸಪೂರ ನಳಿಗೆಯನ್ನು ಪೈಪಿನೊಳಗೆ ತೂರಿಸಿ ಎರಡು ಗಂಟೆ ಬಿಟ್ಟೆ. ಒಳಗೆ ಮಂಜು ಹಿಡಿದಂತಿದ್ದ ಪೈಪು ಗಾಜಿನಂತೆ ತಿಳಿಯಾಯಿತು. ಈ ಚೀಲ ಇಷ್ಟು ವರ್ಷ ಉಳಿಯಲು ಆ ಪಂಪೇ ದೊಡ್ಡ ಕಾರಣ ಎಂದು ನನ್ನ ನಂಬಿಕೆ. ತಲೆಕೂದಲು ಒಣಗಿಸುವ ಬಿಸಿಗಾಳಿ ಹಿಡಿಯಬೇಡಿ, ಬೆಸುಗೆಗೆ ಕೇಡು. ಬೇಸಗೆಯಲ್ಲೂ ಅಡಿಕೆ ಹರಡುವ ಅಂಗಳದ ಬಿಸಿಲಿಗೆ ಹಾಕುವುದಿಲ್ಲ. ನೆರಳಲ್ಲಿ, ಜಗಲಿಯ ಗಾಳಿಗೆ ಸಾಕು. ಬಿಸಿಲು ತಿಂದ ಪ್ಲಾಸ್ಟಿಕ್ಕು ಹಳದಿಯಾಗಿ ಗಡಸಾಗುತ್ತದೆ.

ಒಣಗಿಸಲು ಪುರುಸೊತ್ತೇ ಇಲ್ಲದ ದಿನ ಚೀಲ, ಪೈಪು, ಮೂತಿ ಮೂರನ್ನೂ ತೊಳೆದು, ನೀರು ಬಸಿದು, ಶುಭ್ರ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿ ಇಡುತ್ತೇನೆ. ತಣ್ಣಗಿರುವಷ್ಟು ಹೊತ್ತು ಬೂಸಲು ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಹೋದರೆ ಅದನ್ನು ಹೊರತೆಗೆದು ಮತ್ತೆ ಮೊದಲಿನಿಂದ ತೊಳೆಯುವುದೇ. ಹೆಪ್ಪುಗಟ್ಟಿದ ಚೀಲವನ್ನು ಮಡಚಬಾರದು, ಸೀಳುತ್ತದೆ.

ಮದ್ದು ಬಿಡುವ ದಿನ ಈ ಚೀಲ ತೋಟಕ್ಕೆ ಬರುವುದಿಲ್ಲ. ಕೊಳೆರೋಗಕ್ಕೆ ಬಿಡುವ ಬೋರ್ಡೋ ಆಗಲಿ, ಬೇರೆ ಯಾವುದೇ ಆಗಲಿ, ಮೇಲಿನಿಂದ ಉದುರುವ ಹನಿ ಬಾಯಿಗಿಡುವ ಮೂತಿಗೆ ತಾಗುವುದು ಬೇಡ. ಎಂಡೋಸಲ್ಫಾನ್ ಎಂಬ ಕೀಟನಾಶಕದ ದುರಂತ ಕಂಡ ಊರಿನವರು ನಾವು. ಉಳಿದ ದಿನಗಳಲ್ಲೂ ಮೂತಿಗೆ ಟೋಪಿ ಹಾಕಿಯೇ ಕೆಲಸ. ಟೋಪಿ ಕಳೆದುಹೋದಾಗ ಹೊಸ ಬಟ್ಟೆಯ ಸಣ್ಣ ಚೀಲ ಹೊಲಿದು ದಾರ ಕಟ್ಟಿಕೊಂಡೆ, ದಿನಾ ಒಗೆಯಲೂ ಸುಲಭ.

ಮೂತಿಯನ್ನು ಇಷ್ಟರಲ್ಲಿ ಎರಡು ಸಲ ಬದಲಾಯಿಸಿದ್ದೇನೆ. ಮೊನ್ನೆ ಪೈಪನ್ನು ಬಾಗಿಸಿ ನೋಡಿದರೆ ಬಾಗಿದಲ್ಲಿ ಬಿಳಿ ಗೆರೆ ಬಿತ್ತು. ಒಳಗೆ ಬಿರುಕು ಸುರುವಾದ ಲಕ್ಷಣ. ಅಕ್ಕನ ಮಗನಿಗೆ ಹೇಳಿದ್ದೇನೆ, ಚೌತಿಗೆ ಬರುವಾಗ ಹೊಸ ಪೈಪು ತರುತ್ತಾನೆ. ಅಲ್ಲಿಯವರೆಗೆ ಸ್ಟೀಲ್ ಬಾಟಲಿಯನ್ನು ತೋಟದ ನಡುವಿನ ಕಟ್ಟೆಯ ಮೇಲೆ ಇಟ್ಟುಕೊಂಡಿದ್ದೇನೆ.