ಎರಡು ಹಂಚಿನ ಪ್ಯಾನ್‌ಕೇಕ್ ದಿನ

ನಮ್ಮ ಮನೆಗೆ ಪ್ಯಾನ್‌ಕೇಕ್ ದಿನ ಬಂದಿದ್ದು ಮಗಳ ಸ್ಕೂಲ್ ಬ್ಯಾಗಿನಲ್ಲಿ. ಬರುವ ಮಂಗಳವಾರ ಮಕ್ಕಳು ಒಂದೊಂದು ಫ್ರೈಯಿಂಗ್ ಪ್ಯಾನ್ ತರಬೇಕು, ಅಂಗಳದಲ್ಲಿ ಓಟ ಇದೆ ಅಂತ ಟೀಚರ್ ಚೀಟಿ ಕಳಿಸಿದ್ದರು. ನಾವು ದಾವಣಗೆರೆ ಕಡೆಯವರು. ಇಂಗ್ಲೆಂಡಿನ ಡರ್ಬಿ ಊರಿಗೆ ಬಂದು ಆಗಿನ್ನೂ ಜಾಸ್ತಿ ದಿನ ಆಗಿರಲಿಲ್ಲ. ಮನೆಯಲ್ಲಿ ಇದ್ದದ್ದು ಊರಿಂದ ಹೊತ್ತು ತಂದ ಕಬ್ಬಿಣದ ದೋಸೆ ಹಂಚು ಮಾತ್ರ. ನಾಲ್ಕು ವರ್ಷದ ಮಗು ಅದನ್ನು ಎತ್ತಿಕೊಂಡು ಓಡೋದುಂಟಾ? ಅಂಗಡಿಗೆ ಹೋಗಿ ಹಗುರವಾದ ಒಂದು ನಾನ್‌ಸ್ಟಿಕ್ ಪ್ಯಾನ್ ತಂದೆ.

ಓಟದ ಕಥೆ ಆಮೇಲೆ ಗೊತ್ತಾಯಿತು. ಇಂಗ್ಲೆಂಡಿನಲ್ಲಿ ಓಲ್ನಿ ಅಂತ ಒಂದು ಊರಿದೆ. 1445ರಲ್ಲಿ ಅಲ್ಲಿ ಒಬ್ಬ ಹೆಂಗಸು ಪ್ಯಾನ್‌ಕೇಕ್ ಹುಯ್ಯುತ್ತಿದ್ದಾಗ ಚರ್ಚಿನ ಗಂಟೆ ಬಾರಿಸಿತಂತೆ, ಪ್ಯಾನ್ ಕೈಯಲ್ಲಿ ಹಿಡಿದೇ ಓಡಿದಳಂತೆ. ಇವತ್ತಿಗೂ ಅಲ್ಲಿನ ಹೆಂಗಸರು ಏಪ್ರನ್ ಕಟ್ಟಿ, ತಲೆಗೆ ವಸ್ತ್ರ ಸುತ್ತಿ, ಮಾರ್ಕೆಟ್ ಬಯಲಿನಿಂದ ಚರ್ಚಿನವರೆಗೆ 415 ಗಜ ಓಡುತ್ತಾರೆ. 1950ರಿಂದ ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಿಬರಲ್ ಅನ್ನೋ ಊರಿನವರೂ ಅದೇ ದಿನ ಓಡಿ, ಯಾರು ಬೇಗ ಅಂತ ಸಮಯ ಹೋಲಿಸಿ ನೋಡುತ್ತಾರೆ. ಶಾಲೆಗಳಲ್ಲಿ ನಡೆಯೋದು ಅದರದ್ದೇ ಚಿಕ್ಕ ನಕಲು.

ಹಬ್ಬದ ಮೂಲ ಮಾತ್ರ ಅಡುಗೆಮನೆಯ ಲೆಕ್ಕಾಚಾರ. ಈಸ್ಟರ್‌ಗೆ 47 ದಿನ ಮೊದಲು ಬರುವ ಮಂಗಳವಾರ ಇದು. ಮಾರನೇ ದಿನ ಬೂದಿ ಬುಧವಾರ, ಅವತ್ತಿನಿಂದ ಉಪವಾಸದ ಕಾಲ. ಹಿಂದೆ ಆ ದಿನಗಳಲ್ಲಿ ಮಾಂಸದ ಜೊತೆಗೆ ಮೊಟ್ಟೆ, ಹಾಲು, ಬೆಣ್ಣೆಯನ್ನೂ ಬಿಡುತ್ತಿದ್ದರು. ಫ್ರಿಜ್ ಇಲ್ಲದ ಕಾಲ. ಇರೋದನ್ನೆಲ್ಲ ಹಿಟ್ಟಿಗೆ ಕಲಸಿ ಹುಯ್ದು ತಿಂದು ಮುಗಿಸು, ಅಷ್ಟೇ. ಅಂದರೆ ಇದು ಖಾಲಿ ಮಾಡುವ ಹಬ್ಬ. ಈಗ ಏನಾಗಿದೆ ನೋಡಿ. ಆ ವಾರ ಸೂಪರ್‌ಮಾರ್ಕೆಟ್ ಬಾಗಿಲಲ್ಲೇ ಒಂದು ಗುಡ್ಡ ನಿಂತಿರುತ್ತದೆ: ನುಟೆಲ್ಲಾ, ಮೇಪಲ್ ಸಿರಪ್, ಡಬ್ಬಿಯ ಕ್ರೀಮ್, ಹಾಲು ಹಾಕಿ ಕುಲುಕಿದರೆ ಸಾಕು ಅನ್ನುವ ಹಿಟ್ಟಿನ ಬಾಟಲಿ. ಮೈದಾ ಕಲಸೋಕೂ ಒಂದು ಬಾಟಲಿ ಬೇಕಾ? ಅದನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಪಕ್ಕದ ಮನೆ ಅಜ್ಜಿಗೂ ಅದೇ ಸಿಟ್ಟು. ನನಗೆ ಪ್ಯಾನ್‌ಕೇಕ್ ಹುಯ್ಯೋದು ಕಲಿಸಿದ್ದು ಅವರೇ. ಅವರು ಹುಟ್ಟಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಬ್ರಿಟನ್ನಿನಲ್ಲಿ ಯುದ್ಧ ಮುಗಿದ ಮೇಲೂ ರೇಷನ್ ಮುಂದುವರಿದಿತ್ತು. ಮೊಟ್ಟೆ, ಸಕ್ಕರೆ ಸಲೀಸಾಗಿ ಸಿಕ್ಕಿದ್ದು 1953ರಲ್ಲಿ, ಪೂರ್ತಿ ರೇಷನ್ ಹೋಗಿದ್ದು 1954ರಲ್ಲಿ. ಅವರ ತಾಯಿ ಡಬ್ಬಿಯ ಮೊಟ್ಟೆ ಪುಡಿಯನ್ನು ನೀರಲ್ಲಿ ಕಲಸಿ ಹಿಟ್ಟಿಗೆ ಹಾಕುತ್ತಿದ್ದರಂತೆ. ಯುದ್ಧದ ವರ್ಷಗಳಲ್ಲಿ ನಿಂಬೆಹಣ್ಣು ಕಣ್ಣಿಗೂ ಬೀಳುತ್ತಿರಲಿಲ್ಲ. ಸಕ್ಕರೆಯನ್ನು ಚಮಚದಲ್ಲಿ ಅಳೆದು, ಒಬ್ಬೊಬ್ಬರಿಗೆ ಒಂದೊಂದು. ನಿಜವಾದ ಮೊಟ್ಟೆ, ನಿಜವಾದ ನಿಂಬೆ ಒಟ್ಟಿಗೆ ಸಿಕ್ಕಿದ ವರ್ಷವನ್ನು ಅವರು ಮದುವೆಯ ದಿನದಷ್ಟೇ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ಆಮೇಲೆ ನಿಂಬೆಯ ಆಕಾರದ ಹಳದಿ ಪ್ಲಾಸ್ಟಿಕ್ ಬುಡ್ಡಿ ಬಂತು. ಜಿಫ್ ಲೆಮನ್. ಅದನ್ನು ಪ್ಯಾನ್‌ಕೇಕ್ ದಿನಕ್ಕೇ ಗಂಟು ಹಾಕಿ ಟಿವಿಯಲ್ಲಿ ಜಾಹೀರಾತು ಕೊಡುತ್ತಿದ್ದರು. ಅಜ್ಜಿ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಹಣ್ಣೇ ಹಿಂಡಬೇಕು, ಬಿಸಿ ಇರುವಾಗಲೇ ಸಕ್ಕರೆ ಉದುರಿಸಬೇಕು, ಸುರುಳಿ ಸುತ್ತಬೇಕು. ಬೇರೆ ಏನು ಹಾಕಿದರೂ ಅವರ ಪಾಲಿಗೆ ಅದು ಪ್ಯಾನ್‌ಕೇಕೇ ಅಲ್ಲ.

ಅವರ ಅಳತೆಯನ್ನೇ ನಾನು ಇವತ್ತಿಗೂ ಇಟ್ಟುಕೊಂಡಿದ್ದೇನೆ. 100 ಗ್ರಾಂ ಮೈದಾ, ಎರಡು ಮೊಟ್ಟೆ, 300 ಮಿಲಿ ಹಾಲು, ಚಿಟಿಕೆ ಉಪ್ಪು. ಸೋಡಾ ಇಲ್ಲ, ಸಕ್ಕರೆ ಇಲ್ಲ. ಮೊದಲು ಮೊಟ್ಟೆಯನ್ನು ಹಿಟ್ಟಿಗೆ ಒಡೆದು ಗಟ್ಟಿಯಾಗಿ ಕಲಸಿ, ಆಮೇಲೆ ಹಾಲನ್ನು ಸ್ವಲ್ಪಸ್ವಲ್ಪವೇ ಬಿಡಬೇಕು. ಹಾಗಾದರೆ ಗಂಟು ಕಟ್ಟೋದಿಲ್ಲ. ನೀರುದೋಸೆಯ ಹಿಟ್ಟಿಗಿಂತ ಒಂಚೂರು ಮಂದ ಇದ್ದರೆ ಸರಿ. ಅರ್ಧ ಗಂಟೆ ಸುಮ್ನೆ ಬಿಟ್ಟರೆ ಮೈದಾ ನೀರು ಹೀರಿಕೊಂಡು ಮೆತ್ತಗಾಗುತ್ತದೆ, ಪ್ಯಾನ್‌ಕೇಕ್ ರಬ್ಬರಾಗೋದಿಲ್ಲ.

ದೋಸೆ ಹುಯ್ದ ಕೈಗೆ ಇದು ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಆ ಕೈಯನ್ನು ಸ್ವಲ್ಪ ಮರೆಯಬೇಕು. ದೋಸೆಯನ್ನು ಸೌಟಿನ ತಳದಿಂದ ತಿರುಗಿಸಿ ಹರಡುತ್ತೇವೆ. ಇಲ್ಲಿ ಸೌಟು ಮುಟ್ಟಿಸಿದರೆ ಹಿಟ್ಟು ಮುದ್ದೆಯಾಗಿ ಎದ್ದು ಬರುತ್ತದೆ. ಹಿಟ್ಟು ಸುರಿದ ತಕ್ಷಣ ಪ್ಯಾನನ್ನೇ ಎತ್ತಿ ಓರೆ ಮಾಡಿ ಸುತ್ತ ಹರಿಸಬೇಕು. ಕಾದ ಹಂಚಿಗೆ ನೀರು ಚಿಮುಕಿಸುವ ಅಭ್ಯಾಸವೂ ಇಲ್ಲಿ ಬೇಡ. ಬೆಣ್ಣೆ ಒಂದೇ ಹಾಕಿದರೆ ಕರಟಿಹೋಗುತ್ತದೆ, ಅದಕ್ಕೆ ಒಂದೆರಡು ಹನಿ ಎಣ್ಣೆ ಸೇರಿಸಿ ಸವರಿ ಒರೆಸುತ್ತೇನೆ. ಒರೆಸೋದು ಮಾತ್ರ ನಮ್ಮ ಅವ್ವನ ರೀತಿ, ಅರ್ಧ ಈರುಳ್ಳಿಯಿಂದ. ಪ್ಯಾನ್‌ಕೇಕ್‌ಗೆ ಈರುಳ್ಳಿ ವಾಸನೆ ಬರುತ್ತದೆ ಅಂತ ಮಗ ಗೊಣಗುತ್ತಾನೆ. ಬರೋದಿಲ್ಲ.

ಇನ್ನೊಂದು ವ್ಯತ್ಯಾಸ. ಎಲ್ಲರ ಮನೆ ದೋಸೆನೂ ತೂತೇ ಅಂತಾರಲ್ಲ, ಇಂಗ್ಲಿಷರ ಮನೆ ದೋಸೆಗೆ ತೂತೇ ಇಲ್ಲ! ಹುದುಗು ಇಲ್ಲ, ಸೋಡಾ ಇಲ್ಲ, ತೂತು ಎಲ್ಲಿಂದ ಬರಬೇಕು. ತೂತಿನ ದೋಸೆಯೇ ಬೇಕಾದರೆ ನಮ್ಮ ಡರ್ಬಿಶೈರ್‌ನಲ್ಲಿ ಓಟ್‌ಕೇಕ್ ಇದೆ. ಓಟ್ಸ್ ಹಿಟ್ಟಿಗೆ ಯೀಸ್ಟ್ ಹಾಕಿ ಹುಳಿ ಬರಿಸಿ ಹಂಚಿನ ಮೇಲೆ ಹುಯ್ಯುತ್ತಾರೆ. ಪಕ್ಕದ ಸ್ಟಾಫರ್ಡ್‌ಶೈರ್‌ನದ್ದು ತೆಳ್ಳಗೆ, ನಮ್ಮ ಕಡೆಯದ್ದು ದಪ್ಪ. ಅತ್ತೆ ಮೊದಲ ಸಲ ಬಂದಾಗ ಅದಕ್ಕೆ ಶೇಂಗಾ ಚಟ್ನಿಪುಡಿ, ಬೆಣ್ಣೆ ಹಚ್ಚಿ ತಿಂದು ಖುಷಿಪಟ್ಟಿದ್ದರು. ಅದರ ಬಗ್ಗೆ ಇನ್ನೊಂದು ಸಲ ಬರೆಯಬೇಕು.

ಅತ್ತೆಯ ಮಾತು ಬಂತಲ್ಲ, ಎರಡನೇ ಹಂಚಿನ ಕಥೆ ಅಲ್ಲೇ ಇರೋದು. ನಮ್ಮದು ಮೊಟ್ಟೆ ಮುಟ್ಟದ ಮನೆ. ಮಕ್ಕಳು ಶಾಲೆಯಲ್ಲಿ ಕೇಕ್, ಬಿಸ್ಕತ್ತು ತಿಂದು ಮೊಟ್ಟೆಗೆ ಒಗ್ಗಿದ್ದರು. ನಾನು ಕಲಸುತ್ತಿದ್ದೆ, ತಿನ್ನುತ್ತಿರಲಿಲ್ಲ. ಅತ್ತೆ ಬಂದ ವರ್ಷ ಪ್ಯಾನ್‌ಕೇಕ್ ದಿನ ಹತ್ತಿರ ಬಂದಾಗ ಅವರು ಬೇಡ ಅನ್ನಲಿಲ್ಲ. "ಹುಡುಗರಿಗೆ ಮಾಡಿಕೊಡು, ಊರಿಗೆ ತಕ್ಕ ಹಾಗೆ ಇರಬೇಕು. ನಮ್ಮ ಹಂಚಿಗೆ ಮಾತ್ರ ಮುಟ್ಟಿಸಬೇಡ ಕಣಮ್ಮ" ಅಂದರು. ಅವತ್ತಿನಿಂದ ಒಲೆಯ ಎಡಗಡೆ ಊರಿನ ಹಂಚು, ಬಲಗಡೆ ನಾನ್‌ಸ್ಟಿಕ್ ಪ್ಯಾನ್. ಎರಡಕ್ಕೂ ಬೇರೆ ಸೌಟು, ಬೇರೆ ಮೊಗಚೋ ಕೈ.

ಎಡಗಡೆ ಹಂಚಿನಲ್ಲಿ ಆಗೋದು ನಾನು ಚಿಕ್ಕವಳಿದ್ದಾಗ ತಿಂದ ಗೋಧಿಹಿಟ್ಟಿನ ಸಿಹಿದೋಸೆ. ಅವ್ವ ಅದನ್ನು ಹಬ್ಬಕ್ಕೆ ಅಂತ ಮಾಡುತ್ತಿದ್ದವಳಲ್ಲ. ಅಕ್ಕಿ ನೆನೆಹಾಕಿಲ್ಲ, ಮಕ್ಕಳು ದೋಸೆ ದೋಸೆ ಅಂತ ಕೂಗುತ್ತಿವೆ, ಅಂಥ ಸಂಜೆ ಮಾಡುತ್ತಿದ್ದಳು. ಬೆಲ್ಲವನ್ನು ನೀರಲ್ಲಿ ಕರಗಿಸಿ ಸೋಸಬೇಕು, ಅದಕ್ಕೆ ಗೋಧಿಹಿಟ್ಟು, ತುರಿದ ತೆಂಗಿನಕಾಯಿ, ಏಲಕ್ಕಿ, ಚಿಟಿಕೆ ಉಪ್ಪು. ಬೆಲ್ಲ ಬೇಗ ಸೀಯುತ್ತದೆ, ಉರಿ ಸಣ್ಣಗಿರಬೇಕು. ಮೇಲೆ ತುಪ್ಪ. ನಮ್ಮ ಮನೆಯಲ್ಲಿ ಇದಕ್ಕೆ ದಿನ ಅಂತ ಇರಲೇ ಇಲ್ಲ. ಯಾವಾಗಲೋ ಆಗುತ್ತಿದ್ದ ತಿಂಡಿಗೆ ಇಂಗ್ಲೆಂಡಿಗೆ ಬಂದ ಮೇಲೆ ಒಂದು ತಾರೀಖು ಸಿಕ್ಕಿತು. ಈಗ ನನ್ನ ಮಕ್ಕಳ ಲೆಕ್ಕದಲ್ಲಿ ಸಿಹಿದೋಸೆ ಅಂದರೆ ಫೆಬ್ರವರಿಯ ಮಂಗಳವಾರ ತಿನ್ನುವ ತಿಂಡಿ. ದಾವಣಗೆರೆಯ ಅವರ ಅಣ್ಣತಮ್ಮಂದಿರು ಇದನ್ನು ಕೇಳಿ ನಗುತ್ತಾರೆ.

ಮೊಟ್ಟೆ ತಿನ್ನದವರಿಗೆ ಇಂಗ್ಲಿಷ್ ರುಚಿಯೇ ಬೇಕು ಅಂದರೆ ಅದಕ್ಕೂ ದಾರಿ ಇದೆ. 100 ಗ್ರಾಂ ಮೈದಾಕ್ಕೆ ಎರಡು ಚಮಚ ಕಡಲೆಹಿಟ್ಟು, ಒಂದು ಚಮಚ ಕರಗಿಸಿದ ಬೆಣ್ಣೆ, ಹದಕ್ಕೆ ತಕ್ಕಷ್ಟು ಹಾಲು. ಅಷ್ಟು ತೆಳುವಾದ ಹಾಳೆ ಹರಿಯದ ಹಾಗೆ ಹಿಡಿದಿಡೋದು ಮೊಟ್ಟೆ ಕೆಲಸ. ಬಿಸಿಗೆ ಅದರ ಪ್ರೋಟೀನು ಗಟ್ಟಿಯಾಗುತ್ತದೆ. ಕಡಲೆಹಿಟ್ಟೂ ಸ್ವಲ್ಪ ಮಟ್ಟಿಗೆ ಅದೇ ಕೆಲಸ ಮಾಡುತ್ತದೆ, ಬಣ್ಣವನ್ನೂ ಕೊಡುತ್ತದೆ. ಗಾಳಿಯಲ್ಲಿ ಎಸೆದು ತಿರುಗಿಸೋಕೆ ಮಾತ್ರ ಹೋಗಬೇಡಿ, ಹರಿಯುತ್ತದೆ.

ಎಸೆಯೋದು ಮಕ್ಕಳ ಇಲಾಖೆ. ಅದಕ್ಕೇ ಅಲ್ವಾ ಅವರು ವರ್ಷವಿಡೀ ಕಾಯೋದು. ಪ್ಯಾನ್ ಅಲ್ಲಾಡಿಸಿದಾಗ ಪ್ಯಾನ್‌ಕೇಕ್ ಜಾರಬೇಕು, ಜಾರದಿದ್ದರೆ ಎಸೆಯುವ ಹಾಗಿಲ್ಲ. ನಾನು ಹಾಕಿದ ಕಾನೂನು ಇದೊಂದೇ. ಮಗಳು ಚಿಕ್ಕವಳಿದ್ದಾಗ ನಾನು ಹಿಂದೆ ನಿಂತು ಅವಳ ಕೈ ಹಿಡಿದು ಎಸೆಯುತ್ತಿದ್ದೆ. ಆಮೇಲೆ ತಮ್ಮನಿಗೆ ಅವಳೇ ಕಲಿಸಿದಳು. ಅವರಪ್ಪ ಇಷ್ಟು ವರ್ಷವಾದರೂ ಮೊಗಚೋ ಕೈ ಬಿಟ್ಟಿಲ್ಲ.

ಡರ್ಬಿಯಿಂದ ಸ್ವಲ್ಪ ದೂರದಲ್ಲಿ ಆಶ್‌ಬೋರ್ನ್ ಇದೆ. ಪ್ಯಾನ್‌ಕೇಕ್ ಮಂಗಳವಾರ, ಬೂದಿ ಬುಧವಾರ ಎರಡೂ ದಿನ ಅಲ್ಲಿ ಊರಿಗೆ ಊರೇ ಫುಟ್‌ಬಾಲ್ ಆಡುತ್ತದೆ. ಗೋಲುಗಳ ನಡುವೆ ಸುಮಾರು ಮೂರು ಮೈಲಿ. ಹೆನ್‌ಮೋರ್ ಹಳ್ಳದ ಆಚೆ ಹುಟ್ಟಿದವರು ಒಂದು ಕಡೆ, ಈಚೆ ಹುಟ್ಟಿದವರು ಇನ್ನೊಂದು ಕಡೆ. ಅಂಗಡಿಯವರು ಕಿಟಕಿಗಳಿಗೆ ಹಲಗೆ ಬಡಿಯುತ್ತಾರೆ. ಮಕ್ಕಳು ದೊಡ್ಡವರಾದ ಮೇಲೆ ಮಧ್ಯಾಹ್ನ ಅಲ್ಲಿಗೆ ಹೋಗಿ, ಕೆಸರಲ್ಲಿ ನಿಂತು ನೋಡಿ, ಕತ್ತಲಾದ ಮೇಲೆ ಬಂದು ಪ್ಯಾನ್‌ಕೇಕ್ ಕೇಳುತ್ತಿದ್ದರು. ಹಾಗಾಗಿ ಮೊದಲು ಶಾಲೆ ಬಿಟ್ಟ ಮೇಲಿನ ತಿಂಡಿಯಾಗಿದ್ದದ್ದು ನಮ್ಮಲ್ಲಿ ರಾತ್ರಿಯ ಊಟವೇ ಆಗಿಹೋಯಿತು. ಊಟ ಅಂದ ಮೇಲೆ ಖಾರ ಬೇಡವಾ? ಪಾಲಕ್, ಅಣಬೆ, ಚೀಸ್, ಕೆಲವು ವರ್ಷ ಆಲೂಗಡ್ಡೆ ಪಲ್ಯ. ಪಲ್ಯ ತುಂಬಿದ ಪ್ಯಾನ್‌ಕೇಕನ್ನು ಅಜ್ಜಿಗೂ ಕೊಟ್ಟಿದ್ದೆ. ಪೂರ್ತಿ ತಿಂದರು. ಆಮೇಲೆ ನಿಂಬೆ ಸಕ್ಕರೆಯದ್ದು ಎಲ್ಲಿ ಅಂದರು.

ತಾರೀಖಿನ ವಿಷಯ ಹೇಳಲೇಬೇಕು. ಈಸ್ಟರ್ ಹುಣ್ಣಿಮೆ ನೋಡಿ ಬರುವ ಹಬ್ಬ. ಅದರಿಂದ 47 ದಿನ ಹಿಂದೆ ಹೋದರೆ ಪ್ಯಾನ್‌ಕೇಕ್ ಮಂಗಳವಾರ ಅಮಾವಾಸ್ಯೆಯ ಆಸುಪಾಸಿಗೆ ಬಂದು ಬೀಳುತ್ತದೆ. ನಮ್ಮ ಶಿವರಾತ್ರಿಯೂ ಅಮಾವಾಸ್ಯೆಯ ಹಿಂದಿನ ಚತುರ್ದಶಿ. ಹಾಗಾಗಿ ಕೆಲವು ವರ್ಷ ಎರಡಕ್ಕೂ ತಿಂಗಳ ಅಂತರ, ಕೆಲವು ವರ್ಷ ಎರಡೂ ಬೆನ್ನಿಗೆ ಬೆನ್ನು. 2023ರಲ್ಲಿ ಶಿವರಾತ್ರಿ ಫೆಬ್ರವರಿ 18, ಪ್ಯಾನ್‌ಕೇಕ್ ದಿನ 21. 2026ರಲ್ಲಿ 15 ಮತ್ತು 17.

2018ರಲ್ಲಿ ಎರಡೂ ಒಂದೇ ದಿನ ಬಂತು, ಫೆಬ್ರವರಿ 13. ನಾನು ಉಪವಾಸ, ಮಕ್ಕಳಿಗೆ ಹಬ್ಬ. ಮುಂದಕ್ಕೆ ಹಾಕೋಣವಾ ಅಂತ ಕೇಳಿದೆ. ಮಗ "ಅಮ್ಮಾ, ನೀನು ತಿನ್ನಲ್ಲ, ಸರಿ. ನಾವೇನು ಮಾಡಿದ್ವಿ?" ಅಂದ. ಉಪ್ಪು ನೋಡೋಕೂ ಆಗದೆ, ಬರೀ ವಾಸನೆ ಮೇಲೆ ಅಂದಾಜು ಮಾಡಿ ಹುಯ್ದುಕೊಟ್ಟೆ. ಎಡಗಡೆ ಹಂಚು ಅವತ್ತು ಹೊತ್ತಿಸಲಿಲ್ಲ. ಮಾರನೇ ದಿನ ಬೂದಿ ಬುಧವಾರ. ಅವರ ಪಂಚಾಂಗದಲ್ಲಿ ಉಪವಾಸ ಶುರುವಾಗುವ ಬೆಳಿಗ್ಗೆ ನಾನು ಸಿಹಿದೋಸೆ ತಿಂದು ಉಪವಾಸ ಬಿಟ್ಟೆ. ಪಕ್ಕದ ಮನೆ ಅಜ್ಜಿಗೆ ಇದನ್ನು ಹೇಳಿದರೆ ಬಿದ್ದು ಬಿದ್ದು ನಕ್ಕರು. ಅವರೂ ಉಪವಾಸ ಮಾಡುವವರಲ್ಲ, ಈಸ್ಟರ್‌ವರೆಗೆ ಚಾಕೊಲೇಟ್ ಬಿಡುತ್ತಿದ್ದರು ಅಷ್ಟೇ.

2021ರಲ್ಲಿ ಲಾಕ್‌ಡೌನ್. ಶಾಲೆಯೂ ಇಲ್ಲ, ಓಟವೂ ಇಲ್ಲ. ಅಜ್ಜಿಯ ಮನೆ ಬಾಗಿಲಿಗೆ ತಟ್ಟೆ ಇಟ್ಟು, ಗಂಟೆ ಒತ್ತಿ, ದೂರ ಹೋಗಿ ನಿಂತೆವು. ಅವರು ಈಗಿಲ್ಲ.

ಮಗಳು ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಅವಳ ಫ್ಲಾಟಿನಲ್ಲಿ ಆಗೋದು ಅಮೆರಿಕದವರ ದಪ್ಪ ಪ್ಯಾನ್‌ಕೇಕ್, ಸೋಡಾ ಉಬ್ಬಿಸಿದ್ದು, ಒಂದರ ಮೇಲೊಂದು ಪೇರಿಸಿದ್ದು. ಫೋಟೊ ಕಳಿಸುತ್ತಾಳೆ. ನೋಡೋಕೆ ಚೆನ್ನ. ಮಗನಿಗೆ ನುಟೆಲ್ಲಾ ಬೇಕು. ನುಟೆಲ್ಲಾ ಹಾಕಿದರೆ ಕೆಳಗಡೆ ಪ್ಯಾನ್‌ಕೇಕ್ ಇದ್ದರೂ ಒಂದೇ, ರಟ್ಟು ಇದ್ದರೂ ಒಂದೇ. ಆದರೂ ಒಂದು ಬಾಟಲಿ ತರುತ್ತೇನೆ, ಜಗಳ ಯಾಕೆ.

ಬೇರೆ ಏನನ್ನೂ ಆ ವಾರ ಕೊಳ್ಳೋದಿಲ್ಲ ಅಂತ ಈಚೆಗೆ ಒಂದು ನಿಯಮ ಮಾಡಿಕೊಂಡಿದ್ದೇನೆ. ಸೋಮವಾರ ರಾತ್ರಿ ಫ್ರಿಜ್ ತೆಗೆದು ನೋಡುತ್ತೇನೆ. ಅರ್ಧ ಡಬ್ಬಿ ಕ್ರೀಮ್, ಒಣಗುತ್ತಿರುವ ಚೀಸ್, ಭಾನುವಾರ ಉಳಿದ ಪಲ್ಯ, ಕಪ್ಪಾಗುತ್ತಿರುವ ಬಾಳೆಹಣ್ಣು. ಎಲ್ಲ ಮಂಗಳವಾರದ ಟೇಬಲ್ಲಿಗೆ. ಬಾಳೆಹಣ್ಣು ಕಿವುಚಿ ಸಿಹಿದೋಸೆ ಹಿಟ್ಟಿಗೆ ಹಾಕಿದರೆ ಬೆಲ್ಲ ಕಮ್ಮಿ ಸಾಕು, ಆದರೆ ಹಂಚಿಗೆ ಅಂಟುತ್ತದೆ, ತುಪ್ಪ ಸ್ವಲ್ಪ ಜಾಸ್ತಿ ಬಿಡಬೇಕು.

2027ರಲ್ಲಿ ಪ್ಯಾನ್‌ಕೇಕ್ ದಿನ ಫೆಬ್ರವರಿ 9ಕ್ಕೇ ಬರುತ್ತದೆ. ಶಿವರಾತ್ರಿ ಮಾರ್ಚ್‌ನಲ್ಲಿ, ಆ ಗೊಂದಲ ಇಲ್ಲ. ಬಲಗಡೆ ಪ್ಯಾನ್ ಆ ಸಲ ಪೂರ್ತಿ ಮಗನದ್ದೇ ಅಂತ ಈಗಲೇ ಹೇಳಿಟ್ಟಿದ್ದೇನೆ. ಹಿಟ್ಟು ಕಲಸೋದರಿಂದ ಹಿಡಿದು ಒಲೆ ಒರೆಸುವವರೆಗೆ. ಒರೆಸೋದಕ್ಕೆ ಮಾತ್ರ ಅವನು ಇನ್ನೂ ಒಪ್ಪಿಲ್ಲ.